ಸೆಂಟಿಗೆ ಹನ್ನೆರಡು ರೂಪಾಯಿ

ಭತ್ತದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಭೂಮಾಲಿಕರಿಗೆ ಕೇರಳ ಸರಕಾರವು 2020ರಿಂದ ವರ್ಷಕ್ಕೊಂದು ಮೊತ್ತವನ್ನು ಕೊಡುತ್ತ ಬಂದಿದೆ. ರಾಯಲ್ಟಿ ಎಂದು ಅದರ ಹೆಸರು. ಮೊದಲಿಗೆ ಹೆಕ್ಟೇರಿಗೆ 2,000 ರೂಪಾಯಿ ಇದ್ದುದು ಮರುವರ್ಷ 3,000ಕ್ಕೆ ಏರಿತು. ಹೆಕ್ಟೇರ್ ಎಂಬುದು ಕಾಸರಗೋಡಿನ ಮನೆಗಳಲ್ಲಿ ಆಡುವ ಮಾತಲ್ಲ. ಇಲ್ಲಿ ಜಾಗದ ವ್ಯವಹಾರವೆಲ್ಲ ಸೆಂಟಿನಲ್ಲಿ. ಒಂದು ಹೆಕ್ಟೇರಿಗೆ 247 ಸೆಂಟು. ಭಾಗಿಸಿ ನೋಡಿದರೆ ಸೆಂಟಿಗೆ ವರ್ಷವೊಂದರ 12 ರೂಪಾಯಿ ಚಿಲ್ಲರೆ ಬೀಳುತ್ತದೆ. ಪೇಟೆಯ ಹತ್ತಿರದ ರಸ್ತೆಬದಿಯಲ್ಲಿ ಅದೇ ಒಂದು ಸೆಂಟಿಗೆ ಲಕ್ಷಗಳ ಮಾತು ನಡೆಯುವಾಗ ಈ ಹನ್ನೆರಡು ರೂಪಾಯಿಯನ್ನು ಕಂಡು ನಗುವವರಿದ್ದಾರೆ. ನಗುವ ಮೊದಲು ಅದು ಯಾವುದರ ಬೆಲೆ ಎಂಬುದನ್ನು ಕೇಳಬೇಕು. ಅದು ಬೆಳೆದ ಭತ್ತಕ್ಕೆ ಕೊಟ್ಟ ಸಹಾಯಧನವಲ್ಲ. ಗದ್ದೆಯು ಮಳೆನೀರನ್ನು ತಡೆದು ನಿಲ್ಲಿಸಿ ನೆಲಕ್ಕೆ ಇಳಿಸುತ್ತದೆ, ಸುತ್ತಲ ಜೀವಕುಲವನ್ನು ಸಾಕುತ್ತದೆ ಎಂಬ ಕಾರಣಕ್ಕಾಗಿ, ಆ ಕೆಲಸದ ಪ್ರತಿಫಲವೆಂದು ಕೊಡುವ ಹಣ. ನೀರು ಹಿಡಿದಿಡುವುದೂ ಒಂದು ದುಡಿಮೆ ಎಂದು ಸರಕಾರದ ಲೆಕ್ಕಪುಸ್ತಕವು ಒಪ್ಪಿಕೊಂಡಂತಾಯಿತು. ಆ ದುಡಿಮೆಗೆ ಹನ್ನೆರಡು ರೂಪಾಯಿ ಸರಿಯಾದ ಕೂಲಿಯೇ ಎಂಬುದು ಬೇರೆ ಪ್ರಶ್ನೆ.

ಕೇರಳದ 2008ರ ಕಾಯಿದೆಯು ಭತ್ತದ ಗದ್ದೆಯನ್ನೂ 'ತಣ್ಣೀರ್ತಡ'ವನ್ನೂ ಒಂದೇ ಹೆಸರಿನಡಿ ರಕ್ಷಿಸುತ್ತದೆ. ತಣ್ಣೀರು ಎಂಬ ಮಾತು ಕನ್ನಡಕ್ಕೂ ಮಲಯಾಳಕ್ಕೂ ಸಮಾನವಾದ ಸೊತ್ತು. ಆದರೆ ಕನ್ನಡದ ಕಡತಗಳು ಇದನ್ನು 'ಜೌಗು ಪ್ರದೇಶ' ಎಂದು ಬರೆಯುತ್ತವೆ. ಜೌಗು ಎಂದೊಡನೆ ಕೆಸರು, ಸೊಳ್ಳೆ, ಕಾಲು ಹೂಳುವ ನೆಲ ಎಂಬ ಭಾವನೆ ಬರುತ್ತದೆಯೇ ಹೊರತು ಬಾವಿಯ ನೀರು ನೆನಪಾಗುವುದಿಲ್ಲ. ಹೆಸರಿನಲ್ಲಿಯೇ ಪಾಳು ಎಂಬ ಅರ್ಥ ಸೇರಿಕೊಂಡ ಮೇಲೆ ಮಣ್ಣು ತುಂಬಿಸಿದವನು ಅಭಿವೃದ್ಧಿ ಮಾಡಿದವನೆನಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. 1970ರ ದಶಕದ ನಡುವಿನಲ್ಲಿ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಿನಲ್ಲಿ ಭತ್ತ ಬೆಳೆಯುತ್ತಿತ್ತು. ಈಗ ಉಳಿದಿರುವುದು 2 ಲಕ್ಷ ಹೆಕ್ಟೇರಿನ ಆಸುಪಾಸು.

ತುಳುನಾಡಿನ ಹಿರಿಯರು ಗದ್ದೆಗಳನ್ನು ನೀರಿನ ಲೆಕ್ಕದಲ್ಲಿಯೇ ವಿಂಗಡಿಸಿದ್ದರು. ಎತ್ತರದಲ್ಲಿ ಮಳೆಯನ್ನೇ ನಂಬಿದ್ದು ಬೆಟ್ಟು, ನಡುವಣದು ಮಜಲು, ತಗ್ಗಿನಲ್ಲಿ ಬಹುಕಾಲ ನೀರಿರುವುದು ಬೈಲು. ಬೆಟ್ಟಿನಲ್ಲಿ ಏಣೇಲು ಒಂದೇ ಬೆಳೆ. ಮಜಲಿನಲ್ಲಿ ಸುಗ್ಗಿಯೂ ಉಂಟು. ಬೈಲಿನಲ್ಲಿ ಮೂರನೆಯದಾದ ಕೊಳಕೆಯವರೆಗೂ ನೀರು ಸಾಲುತ್ತಿತ್ತು. ಮೇಲಿನ ಗದ್ದೆಯಲ್ಲಿ ನಿಂತ ನೀರು ಇಂಗಿ ಕೆಳಗಿನ ಬೈಲಿನಲ್ಲಿ ಒರತೆಯಾಗಿ ಏಳುವುದನ್ನು ಕಂಡವರು ಮಾಡಿದ ವಿಂಗಡಣೆ ಇದು. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಮಾರ್ಚ್ ಕಳೆಯುವುದರೊಳಗೆ ಬಾವಿಗಳು ತಳ ಕಾಣುವುದಕ್ಕೆ ಮುರಕಲ್ಲಿನ ಗುಣವೊಂದೇ ಕಾರಣವಲ್ಲ. ಇಳಿಜಾರಿನ ನೆಲದಲ್ಲಿ ನೀರನ್ನು ಅಡ್ಡಗಟ್ಟಿ ನಿಲ್ಲಿಸುತ್ತಿದ್ದ ಹುಣಿಗಳು ಹೋದವು. ಬೈಲಿಗೆ ಬಸಿಗಾಲುವೆ ತೋಡಿ ತೋಟ ಎಬ್ಬಿಸಿದರು. ಉಳಿದ ಕಡೆಗಳಲ್ಲಿ ಕೆಂಪು ಮಣ್ಣು ಬಂದು ಬಿತ್ತು.

ಒಂದು ಸೆಂಟು ಎಂದರೆ 435.6 ಚದರ ಅಡಿ. ಅದರಲ್ಲಿ ಒಂದು ಅಡಿ ಆಳಕ್ಕೆ ನೀರು ನಿಂತರೆ 12,300 ಲೀಟರು. ಒಂದು ಎಕರೆಗೆ 12.3 ಲಕ್ಷ ಲೀಟರು. ಘನ ಅಡಿಯನ್ನು 28.3ರಿಂದ ಗುಣಿಸಿ ಲೀಟರು ಮಾಡಲು ಬಲ್ಲ ಏಳನೆಯ ತರಗತಿಯ ಮಗುವೂ ಈ ಲೆಕ್ಕವನ್ನು ಮಾಡಬಹುದು. ಈ ನೀರೆಲ್ಲವೂ ಬಾವಿಗೆ ಹೋಗುವುದಿಲ್ಲ. ಕೆಲವು ಆವಿಯಾಗುತ್ತದೆ, ಬಹುಪಾಲು ತೋಡಿಗೆ ಹರಿಯುತ್ತದೆ, ಎಷ್ಟು ಇಂಗುತ್ತದೆ ಎಂಬುದು ಮಣ್ಣಿನಿಂದ ಮಣ್ಣಿಗೆ ಬೇರೆ. ಹತ್ತರಲ್ಲಿ ಒಂದು ಪಾಲು ಮಾತ್ರ ಇಂಗಿ ನೆರೆಹೊರೆಯ ಬಾವಿಗಳಿಗೆ ದಕ್ಕಿತೆಂದು ಇಟ್ಟುಕೊಂಡರೆ, ಎಕರೆಯೊಂದರಿಂದ 1.23 ಲಕ್ಷ ಲೀಟರು. 5,000 ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ 24 ಟ್ಯಾಂಕರು ತುಂಬಿ ಮಿಗುತ್ತದೆ. ಮಳೆಗಾಲದಲ್ಲಿ ಗದ್ದೆ ಒಮ್ಮೆಯಲ್ಲ, ಹಲವು ಬಾರಿ ತುಂಬಿ ಬರಿದಾಗುವುದಾದರೂ ಒಂದೇ ಬಾರಿ ಎಂದು ಹಿಡಿಯೋಣ. ಬೇಸಗೆಯಲ್ಲಿ ಟ್ಯಾಂಕರೊಂದಕ್ಕೆ 1,000 ರೂಪಾಯಿ ಎಂದು ಭಾವಿಸಿದರೆ ವರ್ಷಕ್ಕೆ 24,000 ರೂಪಾಯಿಯ ನೀರು. ಅದೇ ಎಕರೆಗೆ ಸಿಗುವ ರಾಯಲ್ಟಿ 1,214 ರೂಪಾಯಿ. ಇಂಗುವ ಪಾಲು ಮತ್ತು ಟ್ಯಾಂಕರಿನ ದರ ಎರಡೂ ಇಲ್ಲಿ ಊಹೆಯವು. ತಮ್ಮ ವಾರ್ಡಿನ ದರವನ್ನು ಹಾಕಿ ಯಾರೂ ಲೆಕ್ಕವನ್ನು ತಿದ್ದಿಕೊಳ್ಳಬಹುದು. ಗದ್ದೆಯು ಪುಕ್ಕಟೆ ಮಾಡುವ ಕೆಲಸವನ್ನು ಹಣ ಕೊಟ್ಟು ಮಾಡಿಸಬೇಕಾಗಿ ಬಂದರೆ ಎಷ್ಟು ತೆರಬೇಕು ಎಂದು ಕೇಳುವ ಈ ಕ್ರಮಕ್ಕೆ ಅರ್ಥಶಾಸ್ತ್ರಜ್ಞರು ಬದಲಿ ವೆಚ್ಚದ ಲೆಕ್ಕ ಎನ್ನುತ್ತಾರೆ.

ಇಂಥ ಲೆಕ್ಕವು ಕಾಗದದಲ್ಲಿಯೇ ಉಳಿಯದೆ ಸರಕಾರದ ತೀರ್ಮಾನವನ್ನೇ ಬದಲಿಸಿದ ಉದಾಹರಣೆ ಅಮೆರಿಕದ ಬೋಸ್ಟನ್ ನಗರದ ಬಳಿಯ ಚಾರ್ಲ್ಸ್ ನದಿಯದು. ಅಲ್ಲಿ ನೆರೆ ತಡೆಯಲು ಅಣೆಕಟ್ಟು ಮತ್ತು ಒಡ್ಡುಗಳನ್ನು ಕಟ್ಟುವ ವಿಚಾರವಿತ್ತು. ವೆಚ್ಚದ ಅಂದಾಜು 10 ಕೋಟಿ ಡಾಲರ್. ಅಣೆಕಟ್ಟು ಕಟ್ಟುವುದನ್ನೇ ವೃತ್ತಿಯಾಗಿ ಉಳ್ಳ ಸೇನಾ ಇಂಜಿನಿಯರುಗಳ ದಳವೇ ಅಧ್ಯಯನ ನಡೆಸಿ, ನದಿಯ ಮೇಲ್ಭಾಗದ ಜೌಗು ನೆಲಗಳು ಆಗಲೇ ನೆರೆಯನ್ನು ಹೀರಿಕೊಳ್ಳುತ್ತಿವೆ, ಅವನ್ನು ಕೊಂಡು ಹಾಗೆಯೇ ಬಿಟ್ಟರೆ ಸಾಕು ಎಂದು 1972ರಲ್ಲಿ ವರದಿ ಕೊಟ್ಟಿತು. 1980ರ ದಶಕದ ಮೊದಲ ವರ್ಷಗಳೊಳಗೆ ಸುಮಾರು 8,100 ಎಕರೆಯನ್ನು ಒಂದು ಕೋಟಿ ಡಾಲರಿಗಿಂತ ಕಡಿಮೆ ವೆಚ್ಚದಲ್ಲಿ ಕೊಂಡು ಅಥವಾ ಕಟ್ಟಡ ಕಟ್ಟದಂತೆ ಹಕ್ಕು ಪಡೆದು ಕಾಯ್ದಿರಿಸಲಾಯಿತು. ಸಿಮೆಂಟಿನ ಕೆಲಸ ಇಲ್ಲ, ಉದ್ಘಾಟನೆಯ ಕಲ್ಲೂ ದೊಡ್ಡದಿರಲಿಕ್ಕಿಲ್ಲ.

ಎಲ್ಲೆಡೆಯೂ ಹೀಗಾಗುವುದಿಲ್ಲ. ಉಗಾಂಡದ ರಾಜಧಾನಿ ಕಂಪಾಲಾದ ಕೊಳಚೆಯ ಬಹುಭಾಗ ನಕಿವುಬೊ ಎಂಬ ಜೌಗಿನ ಮೂಲಕ ಹಾದು ವಿಕ್ಟೋರಿಯಾ ಸರೋವರವನ್ನು ಸೇರುತ್ತದೆ. ನಗರದ ಕುಡಿಯುವ ನೀರೂ ಅದೇ ಸರೋವರದ್ದು. ಆಪು ಹುಲ್ಲಿನ ಬೇರುಗಳು ಕೊಳಚೆಯನ್ನು ಸೋಸುವ ಕೆಲಸಕ್ಕೆ ವರ್ಷಕ್ಕೆ 10 ಲಕ್ಷದಿಂದ 17.5 ಲಕ್ಷ ಡಾಲರ್ ಬೆಲೆಯಿದೆ ಎಂದು 1999ರ ಅಧ್ಯಯನವೊಂದು ತೋರಿಸಿಕೊಟ್ಟಿತು. ಜಗತ್ತಿನ ಪಠ್ಯಪುಸ್ತಕಗಳು ಈ ಲೆಕ್ಕವನ್ನು ಹೊಗಳಿದವು. ಆದರೂ ಆ ಮೇಲಿನ ವರ್ಷಗಳಲ್ಲಿ ನಕಿವುಬೊ ಕುಗ್ಗುತ್ತಲೇ ಹೋಯಿತು. ಬೆಲೆಯನ್ನು ಬರೆದವರು ಬೇರೆ, ಜೌಗನ್ನು ಅಗೆಯುವವರು ಬೇರೆ ಆದಾಗ ಹೀಗಾಗುತ್ತದೆ.

ಕೆಟ್ಟುಹೋದ ಜಲನೆಲೆಯನ್ನು ಮರಳಿ ಸರಿಪಡಿಸಿ, ಅದರ ಫಲವನ್ನು ತಕ್ಕಡಿಯಲ್ಲಿ ತೂಗಿ ನೋಡಬಹುದಾದ ನಿದರ್ಶನ ಭಾರತದಲ್ಲಿಯೇ ಇದೆ: ಒಡಿಶಾದ ಚಿಲಿಕಾ. ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮೊದಲಾದವುಗಳ ಸಿಹಿನೀರೂ ಬಂಗಾಳ ಕೊಲ್ಲಿಯ ಉಪ್ಪುನೀರೂ ಬೆರೆಯುವ ಈ ಹಿನ್ನೀರು ಮಳೆಗಾಲದಲ್ಲಿ ಸಾವಿರ ಚದರ ಕಿಲೋಮೀಟರನ್ನೂ ಮೀರಿ ಹರಡುತ್ತದೆ. 1981ರಲ್ಲಿಯೇ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತ್ತು. ಆದರೆ ನದಿಗಳು ಹೊತ್ತು ತಂದ ಹೂಳು ಒಳಗಿನಿಂದಲೂ, ಅಲೆಗಳು ಕರಾವಳಿಯುದ್ದಕ್ಕೆ ನೂಕಿದ ಮರಳು ಹೊರಗಿನಿಂದಲೂ ಸೇರಿ ಸಮುದ್ರದೊಡನೆ ಬೆಸೆಯುವ ಕಾಲುವೆಯನ್ನು ಕಟ್ಟಿದವು. ಅಳಿವೆ ದೂರಕ್ಕೆ ಸರಿಯಿತು. ಉಬ್ಬರದ ನೀರು ಒಳಗೆ ಬರಲಾರದಾಯಿತು. ಉಪ್ಪಿನಂಶ ಇಳಿದಂತೆ ಸಿಹಿನೀರಿನ ಕಳೆ ಹಬ್ಬಿತು. ಸಮುದ್ರದಿಂದ ಮರಿಯಾಗಿ ಬಂದು ಹಿನ್ನೀರಿನಲ್ಲಿ ಬೆಳೆಯುವ ಮೀನು, ಸಿಗಡಿ, ಏಡಿಗಳಿಗೆ ದಾರಿಯೇ ಮುಚ್ಚಿತು. 1980ರ ದಶಕದ ನಡುವಿನಲ್ಲಿ ವರ್ಷಕ್ಕೆ 8,000 ಟನ್ನಿನ ಆಸುಪಾಸಿನಲ್ಲಿದ್ದ ಮೀನುಗಾರಿಕೆಯ ಹುಟ್ಟುವಳಿ 1999-2000ರಲ್ಲಿ ಸುಮಾರು 1,700 ಟನ್ನಿಗೆ ಕುಸಿದಿತ್ತು. 1993ರಲ್ಲಿಯೇ ಚಿಲಿಕಾವನ್ನು ಅಳಿವಿನ ಅಂಚಿನ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಗಿತ್ತು.

ಒಡಿಶಾ ಸರಕಾರವು ಸ್ಥಾಪಿಸಿದ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರವು ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದ ನೆರವಿನಿಂದ ನೀರಿನ ಚಲನೆಯನ್ನು ಅಧ್ಯಯನ ಮಾಡಿಸಿತು. 2000ದ ಸೆಪ್ಟೆಂಬರಿನಲ್ಲಿ ಮರಳದಿಣ್ಣೆಯನ್ನು ಕಡಿದು ಹೊಸ ಅಳಿವೆಯೊಂದನ್ನು ತೆರೆಯಲಾಯಿತು. ಸಮುದ್ರದ ದಾರಿ ಸುಮಾರು 18 ಕಿಲೋಮೀಟರಿನಷ್ಟು ಹತ್ತಿರವಾಯಿತು. ಮರುವರ್ಷವೇ ಮೀನು ಮರಳಿತು. 2001-02ರಲ್ಲಿ ಹುಟ್ಟುವಳಿ 12,000 ಟನ್ನಿನ ಹತ್ತಿರಕ್ಕೆ ಏರಿತು. ಕಳೆ ಹಿಮ್ಮೆಟ್ಟಿತು, ಇರಾವಡಿ ಡಾಲ್ಫಿನ್ ನೋಡಲು ಬರುವವರಿಂದ ದೋಣಿಯವರಿಗೆ ಸಂಪಾದನೆಯಾಯಿತು. 2002ರಲ್ಲಿ ಚಿಲಿಕಾ ಅಪಾಯದ ಪಟ್ಟಿಯಿಂದ ಹೊರಬಂದಿತು. ಪ್ರಾಧಿಕಾರಕ್ಕೆ ರಾಮ್ಸಾರ್ ಪ್ರಶಸ್ತಿಯೂ ದೊರೆಯಿತು. ಹೆಚ್ಚಿದ 10,000 ಟನ್ನನ್ನು ಕಿಲೋಗೆ ಕೇವಲ 50 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ 50 ಕೋಟಿ ರೂಪಾಯಿ. ಸಿಗಡಿ, ಏಡಿಯ ದರ ಅದಕ್ಕಿಂತ ಬಹಳ ಮೇಲಿನದಾದುದರಿಂದ ಇದು ಕೈಬಿಗಿ ಹಿಡಿದು ಹಾಕಿದ ಲೆಕ್ಕ.

ಆದರೆ ಈ 50 ಕೋಟಿ ಯಾರ ಮನೆಗೆ ಹೋಯಿತು? ಚಿಲಿಕಾದ ದಡದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಲೆ ಬೀಸುತ್ತ ಬಂದ ಸಮುದಾಯಗಳಿವೆ. ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದ ಮೇಲೆ ನೀರಿಗೆ ಬೇಲಿ ಹಾಕಿ ಸಿಗಡಿ ಸಾಕುವ 'ಘೇರಿ'ಗಳು ಎದ್ದವು. ಅವುಗಳ ಹಿಂದೆ ಹಣವಂತರಿದ್ದರು. ಹಿನ್ನೀರಿನಿಂದ ಸಾವಿರ ಮೀಟರಿನೊಳಗೆ ಸಿಗಡಿ ಕೃಷಿ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 1999ರಲ್ಲಿ ಘೇರಿಗಳನ್ನು ಕಿತ್ತುಹಾಕಿದ ಮೀನುಗಾರರ ಮೇಲೆ ಸೊರನಾ ಎಂಬ ಹಳ್ಳಿಯಲ್ಲಿ ಪೊಲೀಸರ ಗುಂಡು ಹಾರಿ ನಾಲ್ವರು ಸತ್ತರು. ಆ ಬಳಿಕವೂ ಘೇರಿಗಳು ಅಳಿಯಲಿಲ್ಲ. ಅಳಿವೆ ತೆರೆದು ಮೀನು ಹೆಚ್ಚಿದಂತೆ ನೀರಿನ ಬೆಲೆಯೂ ಹೆಚ್ಚಿತು, ಬೆಲೆ ಹೆಚ್ಚಿದಂತೆ ಬೇಲಿ ಹಾಕುವ ಆಸೆಯೂ ಹೆಚ್ಚಿತು. ಒಟ್ಟು ಮೊತ್ತವೊಂದನ್ನೇ ಬರೆದು ಕೆಳಗೆ ಗೆರೆ ಎಳೆಯುವ ಅರ್ಥಶಾಸ್ತ್ರವು ಈ ಸಂಗತಿಯನ್ನು ಕಾಣಿಸುವುದಿಲ್ಲ. ಚಿಲಿಕಾದಿಂದ ಕಲಿಯಬೇಕಾದ ಪಾಠವೆಂದರೆ ಮೀನಿನ ಟನ್ನಿಗಿಂತ ಇದೇ ದೊಡ್ಡದು.

ಅದೇ 1999ರ ಅಕ್ಟೋಬರ್ 29ರಂದು ಒಡಿಶಾವನ್ನು ಅಪ್ಪಳಿಸಿದ ಮಹಾ ಚಂಡಮಾರುತದ ನಂತರ ಭಿತರ್‌ಕನಿಕಾ ಕಾಂಡ್ಲಾ ಕಾಡಿನ ಸುತ್ತಲ ಮೂರು ಹಳ್ಳಿಗಳಲ್ಲಿ ಮನೆಯೊಂದಕ್ಕೆ ಆದ ನಷ್ಟವನ್ನು ಲೆಕ್ಕಹಾಕಲಾಯಿತು. ಕಾಂಡ್ಲಾ ಮರಗಳ ಮರೆಯಲ್ಲಿದ್ದ ಹಳ್ಳಿಯಲ್ಲಿ ಸರಾಸರಿ 33 ಡಾಲರ್. ಮರವೂ ಒಡ್ಡೂ ಇಲ್ಲದ ಹಳ್ಳಿಯಲ್ಲಿ 44. ಒಡ್ಡು ಕಟ್ಟಿಕೊಂಡಿದ್ದ ಹಳ್ಳಿಯಲ್ಲಿ 153. ಒಡೆದ ಒಡ್ಡಿನಿಂದ ಒಳನುಗ್ಗಿದ ಉಪ್ಪುನೀರಿಗೆ ಹೊರಹೋಗಲು ದಾರಿ ಇರಲಿಲ್ಲ. ಚಂದ್ರಗಿರಿ, ಶಿರಿಯ ಹೊಳೆಗಳ ಅಳಿವೆಗಳಲ್ಲಿ ಉಳಿದಿರುವ ಕಾಂಡ್ಲಾ ಮರಗಳನ್ನು ಸೌದೆಯೆಂದು ಕಾಣುವವರಿಗೆ ಈ ಮೂರು ಅಂಕೆಗಳನ್ನು ತೋರಿಸಬಹುದು.

ಇಷ್ಟೆಲ್ಲ ಆದ ಮೇಲೂ ಬೆಲೆ ಕಟ್ಟುವ ವಿದ್ಯೆಯ ಬಗ್ಗೆ ಸಂಶಯ ಉಳಿಯುತ್ತದೆ, ಉಳಿಯಬೇಕಾದದ್ದೇ. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಪ್ರಕೃತಿಯು ಮನುಷ್ಯನಿಗೆ ಸಲ್ಲಿಸುವ 17 ಬಗೆಯ ಸೇವೆಗಳಿಗೆ ವರ್ಷಕ್ಕೆ 33 ಲಕ್ಷ ಕೋಟಿ ಡಾಲರ್ ಎಂದು ಬೆಲೆ ಬರೆದಾಗ, ಅನಂತವನ್ನು ಎಣಿಸಲು ಹೋಗಿ ಕಡಿಮೆ ಎಣಿಸಿದಂತಾಯಿತು ಎಂದು ಮೈಕೆಲ್ ಟೋಮನ್ ಎಂಬ ಅರ್ಥಶಾಸ್ತ್ರಜ್ಞರು ಚುಚ್ಚಿದ್ದುಂಟು. ಉಸಿರಾಡುವ ಗಾಳಿಗೆ ಒಟ್ಟು ಬೆಲೆ ಕೇಳುವುದರಲ್ಲಿ ಅರ್ಥವಿಲ್ಲ. ಈ ಒಂದು ಬೈಲು ಹೋದರೆ ಈ ಹತ್ತು ಬಾವಿಗಳಿಗೆ ಏನಾಗುತ್ತದೆ ಎಂದು ಕೇಳುವುದರಲ್ಲಿ ಅರ್ಥವಿದೆ. ಇನ್ನೊಂದು ಮೋಸವೂ ಇದರಲ್ಲಿ ನುಸುಳುವುದುಂಟು. ಇಂಗಿದ ನೀರಿಗೆ ಒಮ್ಮೆ ಬೆಲೆ ಹಾಕಿ, ಅದೇ ನೀರಿನಿಂದ ಬೆಳೆದ ಸುಗ್ಗಿ ಬೆಳೆಗೆ ಮತ್ತೊಮ್ಮೆ ಪೂರ್ತಿ ಬೆಲೆ ಹಾಕಿದರೆ ಒಂದೇ ಹಸುವಿನ ಹಾಲನ್ನು ಎರಡು ಚೊಂಬಿನಲ್ಲಿ ಅಳೆದಂತೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕಾಲದ ಲೆಕ್ಕ. ಹತ್ತನೆಯ ತರಗತಿಯವರಿಗೆ ಚಕ್ರಬಡ್ಡಿ ಗೊತ್ತು. ಅದನ್ನೇ ಹಿಂದುಮುಂದು ಮಾಡಿದರೆ ಸಾಕು. ಮೂವತ್ತು ವರ್ಷಗಳ ಮೇಲೆ ಬರುವ 100 ರೂಪಾಯಿಗೆ ಶೇಕಡಾ 8ರ ದರದಲ್ಲಿ ಇಂದಿನ ಬೆಲೆ ಸುಮಾರು 10 ರೂಪಾಯಿ. ಶೇಕಡಾ 3ರ ದರದಲ್ಲಿ 41 ರೂಪಾಯಿ. ವರ್ಷಕ್ಕೆ 24,000 ರೂಪಾಯಿಯ ನೀರನ್ನು ಎಂದೆಂದಿಗೂ ಕೊಡುವ ಮೇಲಿನ ಊಹೆಯ ಎಕರೆಯು ಮೊದಲನೆಯ ದರದಲ್ಲಿ 3 ಲಕ್ಷ ರೂಪಾಯಿಯದಾದರೆ, ಎರಡನೆಯದರಲ್ಲಿ 8 ಲಕ್ಷದ್ದಾಗುತ್ತದೆ. ನೆಲವೂ ಅದೇ, ನೀರೂ ಅದೇ. ಇನ್ನೂ ಹುಟ್ಟದ ಮಕ್ಕಳ ಬಾಯಾರಿಕೆಯನ್ನು ಎಷ್ಟು ದೂರದ್ದೆಂದು ಎಣಿಸಬೇಕು ಎಂಬ ತೀರ್ಮಾನವು ಆ ಶೇಕಡಾವಾರು ಅಂಕೆಯೊಳಗೆ ಸದ್ದಿಲ್ಲದೆ ಕುಳಿತಿರುತ್ತದೆ. ವರದಿಗಳ ಕೊನೆಯ ಪುಟವನ್ನು ಓದುವವರು ಮೊದಲು ಆ ದರವನ್ನು ಹುಡುಕಿ ನೋಡುವುದು ಒಳ್ಳೆಯದು.

8 ಲಕ್ಷವೆಂದೇ ಹಿಡಿದರೂ ರಸ್ತೆಬದಿಯ ಎಕರೆಯ ಮಾರಾಟದ ಬೆಲೆಯೆದುರು ಅದು ನಿಲ್ಲುವುದಿಲ್ಲ. ಮಣ್ಣು ತುಂಬಿಸುವ ಮಾಲಿಕನನ್ನು ದುರಾಸೆಯವನೆಂದು ಜರೆಯುವುದು ಆದುದರಿಂದ ಅನ್ಯಾಯ. ಮಗಳ ಓದು, ಬ್ಯಾಂಕಿನ ಸಾಲ, ಸಿಗದ ಕೂಲಿಯಾಳು, ಭತ್ತಕ್ಕೆ ಬಾರದ ದರ ಇವೆಲ್ಲ ಅವನ ಲೆಕ್ಕದಲ್ಲಿವೆ. ನೆರೆಮನೆಯವರ ಬಾವಿ ಅವನ ಲೆಕ್ಕದಲ್ಲಿಲ್ಲ. ಬೈಲು ಅವನದು, ಇಂಗಿದ ನೀರು ಊರಿನದು. ಊರು ಅವನಿಗೆ ಕೊಡುತ್ತಿರುವುದು ಸೆಂಟಿಗೆ ಹನ್ನೆರಡು ರೂಪಾಯಿ. ಕಾಯಿದೆಯೂ ಅವನ ಕಷ್ಟವನ್ನು ಪೂರ್ತಿ ಮರೆತಿಲ್ಲ: ಬೇರೆ ಜಾಗವಿಲ್ಲದವನು ಪಂಚಾಯತಿನಲ್ಲಿ 10 ಸೆಂಟು, ನಗರಸಭೆಯಲ್ಲಿ 5 ಸೆಂಟಿನವರೆಗೆ ಮನೆ ಕಟ್ಟಿಕೊಳ್ಳಲು ಅನುಮತಿ ಕೇಳಬಹುದು. 2018ರ ತಿದ್ದುಪಡಿಯಾದರೋ, ಡೇಟಾ ಬ್ಯಾಂಕಿನಲ್ಲಿ ಸೇರದ ಜಾಗವನ್ನು ಫೇರ್ ವ್ಯಾಲ್ಯೂ ಮೇಲೆ ಕಟ್ಟಿದ ಶುಲ್ಕ ತೆತ್ತು ಪರಿವರ್ತಿಸಿಕೊಳ್ಳಲು ದಾರಿ ಮಾಡಿತು. ಗದ್ದೆಯನ್ನು ಕಳೆದುಕೊಳ್ಳುವುದಕ್ಕೂ ಹೀಗೆ ಒಂದು ಬೆಲೆ ಬಿದ್ದಿದೆ. ಆದರೆ ಅದು ನೆಲದ ಪೇಟೆದರವನ್ನು ನೋಡಿ ಹಾಕಿದ್ದು, ನೀರನ್ನು ನೋಡಿ ಹಾಕಿದ್ದಲ್ಲ.

ಸರಕಾರದ ಲೆಕ್ಕಕ್ಕೆ ಕಾಯದೆ ಊರವರೇ ಖರ್ಚು ಹಂಚಿಕೊಂಡ ಪದ್ಧತಿ ಕಾಸರಗೋಡಿನಲ್ಲಿ ಹಳೆಯದು. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡಗಳಿಂದ ಕಟ್ಟುವ 'ಕಟ್ಟ'ಗಳು ಬೇಸಗೆಯವರೆಗೆ ನೀರನ್ನು ನಿಲ್ಲಿಸಿ ಎರಡು ಬದಿಯ ಬಾವಿ, ಕೆರೆಗಳನ್ನು ತಣಿಸುತ್ತವೆ. ಏತಡ್ಕದ ಕೃಷಿಕರು ಸಾಲಾಗಿ ಕಟ್ಟ ಕಟ್ಟುತ್ತ ಬಂದುದನ್ನು ಪತ್ರಕರ್ತ ಶ್ರೀಪಡ್ರೆಯವರು ನಾಡಿಗೆ ತಿಳಿಸಿಕೊಟ್ಟಿದ್ದಾರೆ. ಗುಡ್ಡದ ತಪ್ಪಲಿನ ಮದಕಗಳದೂ ಇದೇ ಕೆಲಸ. ಕಟ್ಟಕ್ಕೆ ಆಳು ಕೊಟ್ಟವನು, ಮರ ಕೊಟ್ಟವನು ತನ್ನ ತೋಟಕ್ಕೆ ಏಪ್ರಿಲಿನಲ್ಲಿ ಎಷ್ಟು ದಿನ ಹೆಚ್ಚು ನೀರು ಸಿಕ್ಕಿತೆಂದು ಚೆನ್ನಾಗಿ ಬಲ್ಲ. ಡಾಲರಿನಲ್ಲಿ ಬರೆಯದಿದ್ದರೂ ಅದು ಬೆಲೆ ಕಟ್ಟುವ ಕ್ರಮವೇ. ಮತ್ತು ನಕಿವುಬೊದಲ್ಲಿ ಕಾಣದ ಒಂದು ಗುಣ ಅದಕ್ಕಿದೆ, ಲೆಕ್ಕ ಹಾಕುವವನೂ ನೀರು ಕುಡಿಯುವವನೂ ಒಬ್ಬನೇ.

ಯಾವ ಜಾಗ ಗದ್ದೆ, ಯಾವುದು ಅಲ್ಲ ಎಂಬ ಡೇಟಾ ಬ್ಯಾಂಕನ್ನು ಸಿದ್ಧಪಡಿಸುವುದು ಪ್ರತಿ ಪಂಚಾಯತಿನ ಸ್ಥಳೀಯ ನಿರೀಕ್ಷಣಾ ಸಮಿತಿಯ ಹೊಣೆ. ಪಂಚಾಯತು ಅಧ್ಯಕ್ಷರು ಅದರ ಮುಖ್ಯಸ್ಥರು, ಕೃಷಿ ಅಧಿಕಾರಿ ಸಂಚಾಲಕರು, ವಿಲೇಜ್ ಆಫೀಸರರೂ ಸದಸ್ಯರು. ಇವರ ಜೊತೆಗೆ ಭತ್ತ ಬೆಳೆಯುವ ಮೂವರು ಕೃಷಿಕರಿಗೆ ಅದರಲ್ಲಿ ಸ್ಥಾನವಿದೆ. ತಮ್ಮ ವಾರ್ಡಿನ ಬೈಲು ಆ ಪಟ್ಟಿಯಲ್ಲಿದೆಯೇ, ಆ ಮೂವರು ಯಾರು ಎಂಬುದನ್ನು ಕೃಷಿಭವನದಲ್ಲಿ ವಿಚಾರಿಸಬಹುದು. ರಾಯಲ್ಟಿಗೆ ಅರ್ಜಿಯನ್ನು ಕೃಷಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯ ಮೂಲಕ ಸಲ್ಲಿಸಬೇಕು. ಭತ್ತವಲ್ಲದೆ ಗದ್ದೆಯ ಸ್ವರೂಪ ಕೆಡದಂತೆ ದ್ವಿದಳ ಧಾನ್ಯ, ತರಕಾರಿ, ಎಳ್ಳು ಬೆಳೆದವರಿಗೂ ಅದು ಸಲ್ಲುತ್ತದೆ.